ತಡೆದು ನಿಂತ ಸೇನೆ: ನ್ಯೂ ಬ್ರಿಟನ್ ದ್ವೀಪದಲ್ಲಿ ಆಸ್ಟ್ರೇಲಿಯದ ಐದನೆಯ ಡಿವಿಷನ್

ಎರಡನೆಯ ಮಹಾಯುದ್ಧದ ಪೆಸಿಫಿಕ್ ರಂಗವನ್ನು ಕುರಿತು ಓದಿದವರಿಗೆ ಪರ್ಲ್ ಹಾರ್ಬರ್, ಮಿಡ್‌ವೇ, ಗ್ವಾಡಲ್‌ಕೆನಾಲ್, ಇವೋ ಜಿಮಾ ಮೊದಲಾದ ಹೆಸರುಗಳು ಪರಿಚಿತ. ಈ ಹೆಸರುಗಳ ನಡುವೆ ಬಹುಮಟ್ಟಿಗೆ ಮರೆತುಹೋದ ಒಂದು ದ್ವೀಪಯುದ್ಧವಿದೆ. 1944ರ ಅಕ್ಟೋಬರಿನಿಂದ 1945ರ ಆಗಸ್ಟ್‌ವರೆಗೆ ಆಸ್ಟ್ರೇಲಿಯದ ಐದನೆಯ ಪದಾತಿ ಡಿವಿಷನ್ ನ್ಯೂ ಬ್ರಿಟನ್ ದ್ವೀಪದಲ್ಲಿ ಜಪಾನಿ ಸೇನೆಯನ್ನು ಎದುರಿಸಿ ನಿಂತಿತ್ತು. ಈ ಸುಮಾರು ಹತ್ತು ತಿಂಗಳಲ್ಲಿ ಯುದ್ಧದಲ್ಲಿ ಮಡಿದ ಆಸ್ಟ್ರೇಲಿಯನ್ನರು 53 ಮಂದಿ, ಇತರ ಕಾರಣಗಳಿಂದ ಸತ್ತವರು 21, ಗಾಯಗೊಂಡವರು 140. ಅವರೆದುರಿಗೆ ಇದ್ದದ್ದು ಭೂಸೇನೆ, ನೌಕಾಬಲಗಳೆರಡೂ ಸೇರಿ ಸುಮಾರು 69,000 ಜನರ ಪಡೆ. ನಾಗರಿಕ ಕೆಲಸಗಾರರನ್ನೂ ಸೇರಿಸಿದರೆ 90,000ದ ಆಸುಪಾಸು. ಅದೇ ಕಾಲದಲ್ಲಿ ನೆರೆಯ ಬೂಗನ್‌ವಿಲ್ ದ್ವೀಪದಲ್ಲಿ 516 ಆಸ್ಟ್ರೇಲಿಯನ್ನರು ಸತ್ತರು. ನ್ಯೂ ಗಿನಿಯ ಐಟಾಪೆ–ವೆವಾಕ್ ತೀರದಲ್ಲಿ 442 ಮಂದಿ ಯುದ್ಧದಲ್ಲಿ ಮಡಿದರು.

ಈ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಎರಡು ಪ್ರಶ್ನೆಗಳು ಏಳುತ್ತವೆ. ಅತಿ ದೊಡ್ಡ ಶತ್ರುಬಲದ ಎದುರಿಗಿದ್ದ ಡಿವಿಷನ್ನಿಗೆ ಅತಿ ಕಡಿಮೆ ಹಾನಿಯಾದದ್ದು ಹೇಗೆ ಎಂಬುದು ಮೊದಲನೆಯದು. ಹಾಗೆ ಉಳಿದ ಪ್ರಾಣಗಳ ಬೆಲೆಯನ್ನು ಬೇರೆ ಯಾರಾದರೂ ತೆತ್ತರೇ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಸೈನಿಕ ಇತಿಹಾಸದ ಗ್ರಂಥಗಳಲ್ಲಿ ಉತ್ತರವಿದೆ. ಎರಡನೆಯದಕ್ಕೆ ಉತ್ತರ ಹುಡುಕಲು ಹೊರಟರೆ ಆ ದಾರಿ ನಮ್ಮನ್ನು ಮಂಗಳೂರು ಸೀಮೆಯವರೆಗೂ ಕರೆತರುತ್ತದೆ. ಪ್ರಸ್ತುತ ಲೇಖನದಲ್ಲಿ ಈ ಎರಡನ್ನೂ ಒಟ್ಟಾಗಿ ಪರಿಶೀಲಿಸುವ ಪ್ರಯತ್ನವಿದೆ.

ದ್ವೀಪ ಮತ್ತು ಅದರ ಪೂರ್ವವೃತ್ತ

ನ್ಯೂ ಬ್ರಿಟನ್ ನ್ಯೂ ಗಿನಿಯ ಪೂರ್ವಕ್ಕೆ ಬಾಗಿದ ಚಂದ್ರಕಲೆಯಂತೆ ಮಲಗಿರುವ ಉದ್ದನೆಯ ದ್ವೀಪ. ನಡುವೆ ಬೆಟ್ಟಸಾಲು, ಎರಡೂ ಕಡೆ ದಟ್ಟವಾದ ಮಳೆಕಾಡು, ಮಳೆ ಬಂದರೆ ಗಂಟೆಗಳಲ್ಲಿ ಉಕ್ಕೇರುವ ಹೊಳೆಗಳು. ಅದರ ಈಶಾನ್ಯ ತುದಿ ಗಜೆಲ್ ಪರ್ಯಾಯದ್ವೀಪ. ದಕ್ಷಿಣದಿಂದ ವೈಡ್ ಬೇ, ವಾಯವ್ಯದಿಂದ ಓಪನ್ ಬೇ ಎಂಬ ಎರಡು ಕೊಲ್ಲಿಗಳು ಒಳಚಾಚಿಕೊಂಡು ಈ ಭಾಗವನ್ನು ಉಳಿದ ದ್ವೀಪದಿಂದ ಕತ್ತು ಹಿಡಿದಂತೆ ಬೇರ್ಪಡಿಸುತ್ತವೆ. ಮುಂದೆ ಹೇಳಲಿರುವ ಕಥೆಯೆಲ್ಲ ಈ ಕತ್ತಿನ ಸುತ್ತ ನಡೆಯುತ್ತದೆಯಾದ್ದರಿಂದ ಓದುಗರು ಈ ಭೂಸ್ವರೂಪವನ್ನು ನೆನಪಿನಲ್ಲಿಡುವುದು ಒಳಿತು. ಪರ್ಯಾಯದ್ವೀಪದ ತುದಿಯಲ್ಲಿ, ಜ್ವಾಲಾಮುಖಿಗಳು ಸುತ್ತುವರಿದ ಆಳವಾದ ಬಂದರಿನ ದಡದಲ್ಲಿ, ರಬೌಲ್ ಪಟ್ಟಣವಿತ್ತು.

ಈ ಪ್ರದೇಶ ಮೊದಲು ಜರ್ಮನಿಯ ವಸಾಹತು. 1914ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯದ ಪಡೆ ಅದನ್ನು ವಶಪಡಿಸಿಕೊಂಡಿತು. ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘದ ಆದೇಶದಂತೆ ಆಡಳಿತ ಆಸ್ಟ್ರೇಲಿಯದ ಕೈಯಲ್ಲೇ ಉಳಿಯಿತು. 1942ರ ಜನವರಿ 23ರಂದು ಜಪಾನಿ ಪಡೆಗಳು ರಬೌಲಿನಲ್ಲಿ ಇಳಿದಾಗ ಅಲ್ಲಿದ್ದ ರಕ್ಷಣಾಬಲ ಸುಮಾರು 1,400 ಮಂದಿಯದು. ‘ಲಾರ್ಕ್ ಫೋರ್ಸ್’ ಎಂದು ಅದರ ಹೆಸರು. ಕೆಲವೇ ಗಂಟೆಗಳಲ್ಲಿ ಪ್ರತಿರೋಧ ಮುಗಿದು, ಸೈನಿಕರು ಗುಂಪುಗುಂಪಾಗಿ ಕಾಡು ಹೊಕ್ಕರು. ಹೇಗೋ ತಪ್ಪಿಸಿಕೊಂಡು ತಾಯ್ನಾಡು ಸೇರಿದವರು ಸುಮಾರು ನಾನೂರು. ವೈಡ್ ಬೇ ದಡದ ಟೋಲ್ ತೋಟದ ಬಳಿ ಶರಣಾದವರಲ್ಲಿ ಸುಮಾರು 160 ಮಂದಿಯನ್ನು ಫೆಬ್ರವರಿ 4ರಂದು ಕೈಕಟ್ಟಿ ಕೊಲ್ಲಲಾಯಿತು. ಸೆರೆಯಾಳುಗಳ ಮತ್ತು ನಾಗರಿಕರ ದೊಡ್ಡ ಗುಂಪನ್ನು ಹೊತ್ತು ಹೊರಟ ‘ಮಾಂಟೆವಿಡಿಯೊ ಮಾರು’ ಹಡಗನ್ನು, ಒಳಗೆ ಯಾರಿದ್ದಾರೆಂದು ತಿಳಿಯದೆ, ಅಮೆರಿಕದ ಸಬ್‌ಮರೀನೊಂದು 1942ರ ಜುಲೈ 1ರಂದು ಮುಳುಗಿಸಿತು. ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಅದರೊಂದಿಗೆ ನೀರುಪಾಲಾದರು. ಆ ಹಡಗಿನ ಅವಶೇಷ ಫಿಲಿಪೀನ್ಸಿನ ಸಮೀಪ, ನಾಲ್ಕು ಸಾವಿರ ಮೀಟರಿಗೂ ಹೆಚ್ಚಿನ ಆಳದಲ್ಲಿ ಪತ್ತೆಯಾದದ್ದು 2023ರಲ್ಲಿ.

ಆದ್ದರಿಂದ ಆಸ್ಟ್ರೇಲಿಯನ್ನರ ಪಾಲಿಗೆ ರಬೌಲ್ ಬರಿಯ ಭೂಪಟದ ಬಿಂದುವಾಗಿರಲಿಲ್ಲ. ಅದೊಂದು ತೀರದ ಹಗೆಯಾಗಿತ್ತು.

ಸುತ್ತಿಹೋಗುವ ನೀತಿ

ಜಪಾನ್ ರಬೌಲನ್ನು ದಕ್ಷಿಣ ಪೆಸಿಫಿಕ್‌ನಲ್ಲಿ ತನ್ನ ಅತಿ ದೊಡ್ಡ ನೆಲೆಯನ್ನಾಗಿ ಬೆಳೆಸಿತು. ಅಲ್ಲಿನ ಎಂಟನೆಯ ವಲಯ ಸೇನೆಯ ಮುಖ್ಯಸ್ಥರು ಜನರಲ್ ಇಮಾಮುರಾ ಹಿತೋಶಿ, 1942ರಲ್ಲಿ ಜಾವಾ ದ್ವೀಪವನ್ನು ಗೆದ್ದವರು. ಅದನ್ನು ನೇರವಾಗಿ ಮುತ್ತಿ ಗೆಲ್ಲುವುದೇ ಮಿತ್ರರಾಷ್ಟ್ರಗಳ ಮೊದಲ ಉದ್ದೇಶವಾಗಿತ್ತು. 1943ರ ಆಗಸ್ಟಿನಲ್ಲಿ ಕ್ವಿಬೆಕ್ ನಗರದಲ್ಲಿ ಸೇರಿದ ಸಮಾಲೋಚನೆಯಲ್ಲಿ ಈ ಉದ್ದೇಶ ಬದಲಾಯಿತು. ರಬೌಲನ್ನು ಮುತ್ತುವ ಬದಲು ಸುತ್ತಲಿನ ದ್ವೀಪಗಳನ್ನು ಹಿಡಿದು, ಸಮುದ್ರ ಮತ್ತು ಆಕಾಶ ಮಾರ್ಗಗಳನ್ನು ಮುಚ್ಚಿ, ಅದನ್ನು ಹಿಂದೆ ಬಿಟ್ಟು ಮುಂದೆ ಸಾಗುವುದೆಂದು ನಿರ್ಧಾರವಾಯಿತು. 1943ರ ಡಿಸೆಂಬರಿನಲ್ಲಿ ಅಮೆರಿಕದ ಪಡೆಗಳು ನ್ಯೂ ಬ್ರಿಟನ್ನಿನ ಪಶ್ಚಿಮ ಭಾಗದ ಅರಾವೆ ಮತ್ತು ಗ್ಲೌಸ್ಟರ್ ಭೂಶಿರಗಳಲ್ಲಿ ಇಳಿದವು. 1944ರ ಫೆಬ್ರವರಿಯಲ್ಲಿ ಜಪಾನಿನ ನೌಕಾ ವಿಮಾನಗಳು ರಬೌಲಿನಿಂದ ಹಿಂದೆ ಸರಿದವು. ಅದೇ ವರ್ಷದ ಮೊದಲ ಭಾಗದಲ್ಲಿ ಅಡ್ಮಿರಾಲ್ಟಿ ದ್ವೀಪಗಳು ಮಿತ್ರಪಕ್ಷದ ಕೈಸೇರಿ ಮುತ್ತಿಗೆಯ ಬಳೆ ಪೂರ್ಣವಾಯಿತು.

ಅಲ್ಲಿಂದ ಮುಂದೆ ದ್ವೀಪದಲ್ಲಿ ಒಂದು ಬಗೆಯ ಅಘೋಷಿತ ಶಾಂತಿ ನೆಲೆಸಿತು. ಪಶ್ಚಿಮದಲ್ಲಿ ಅಮೆರಿಕನ್ನರು, ಪೂರ್ವದಲ್ಲಿ ಜಪಾನೀಯರು. ನಡುವಿನ ವಿಶಾಲವಾದ ಕಾಡಿನಲ್ಲಿ ಮಿತ್ರಪಕ್ಷದ ಗೂಢಚಾರ ಸಂಸ್ಥೆಯ ಕೆಲವು ಅಧಿಕಾರಿಗಳ ಮುಂದಾಳ್ತನದಲ್ಲಿ ಸ್ಥಳೀಯ ಯೋಧರು ಜಪಾನಿ ಠಾಣೆಗಳ ಮೇಲೆ ಆಗಾಗ ಎರಗುತ್ತಿದ್ದರು. ಐದನೆಯ ಡಿವಿಷನ್ನಿಗೆ ಮುಂದೆ ದೊರೆತ ಭೂಮಿಯ ತಿಳಿವಳಿಕೆಯಲ್ಲಿ ಬಹುಪಾಲು ಇವರಿಂದ ಬಂದದ್ದೆಂಬುದನ್ನು ಮರೆಯಲಾಗದು.

1944ರ ಜುಲೈನಲ್ಲಿ ಜನರಲ್ ಮ್ಯಾಕಾರ್ಥರ್ ಫಿಲಿಪೀನ್ಸ್ ಮರುವಿಜಯಕ್ಕೆ ತಮ್ಮ ಅಮೆರಿಕನ್ ಡಿವಿಷನ್ನುಗಳನ್ನು ಬಿಡಿಸಿಕೊಳ್ಳಲು ಬಯಸಿ, ಹಿಂದುಳಿದ ದ್ವೀಪಗಳ ಹೊಣೆಯನ್ನು ಆಸ್ಟ್ರೇಲಿಯಕ್ಕೆ ವಹಿಸಿದರು. ಆಸ್ಟ್ರೇಲಿಯದ ಸೇನಾಧಿಪತಿ ಜನರಲ್ ಥಾಮಸ್ ಬ್ಲೇಮಿ ಏಳು ಬ್ರಿಗೇಡುಗಳು ಸಾಕೆಂದು ಭಾವಿಸಿದ್ದರು. ಹನ್ನೆರಡು ಬೇಕೆಂದು ಮ್ಯಾಕಾರ್ಥರ್ ಪಟ್ಟುಹಿಡಿದರು. ಅವುಗಳಲ್ಲಿ ಮೂರು ನ್ಯೂ ಬ್ರಿಟನ್ನಿಗೆ ಮೀಸಲಾದವು. ಹೀಗೆ ಐದನೆಯ ಡಿವಿಷನ್ ರಂಗಕ್ಕೆ ಬಂದಿತು.

ದ್ವೀಪಕ್ಕಿಳಿದ ಡಿವಿಷನ್

ಐದನೆಯ ಡಿವಿಷನ್ ಮಿಲಿಷಿಯಾ ವರ್ಗಕ್ಕೆ ಸೇರಿದ್ದು. ಅಂದರೆ ಸಾಗರೋತ್ತರ ಸೇವೆಗೆಂದು ಸ್ವಯಂಪ್ರೇರಿತರಾಗಿ ಸೇರಿದವರ ಪಡೆಯಲ್ಲ, ಸ್ವದೇಶ ರಕ್ಷಣೆಗೆಂದು ರಚಿತವಾದ ನಾಗರಿಕ ಸೇನೆ. ಈ ವರ್ಗದ ಸೈನಿಕರನ್ನು, ಬಿಸಿಲಿಗೆ ಕರಗಿಹೋಗುವರೆಂಬ ಕುಹಕದಿಂದ, ‘ಚಾಕೊಲೇಟ್ ಸಿಪಾಯಿ’ಗಳೆಂದು ಅವರ ದೇಶದವರೇ ಹಂಗಿಸುತ್ತಿದ್ದುದುಂಟು. ಆದರೆ 1943ರಲ್ಲಿ ಸಾಲಮೌವಾ ಕಾಳಗದ ಕೊನೆಯ ಹಂತವನ್ನು ನಡೆಸಿದ ಅನುಭವ ಈ ಡಿವಿಷನ್ನಿಗೆ ಇತ್ತು. ಅದರ ನಾಯಕ ಮೇಜರ್ ಜನರಲ್ ಅಲನ್ ರಾಮ್ಸೇ ವೃತ್ತಿಯಿಂದ ಶಾಲಾ ಶಿಕ್ಷಕರು. ಯುದ್ಧಾನಂತರ ವಿಕ್ಟೋರಿಯಾ ರಾಜ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾದವರು.

1944ರ ಅಕ್ಟೋಬರ್ 8ರಂದು 36ನೆಯ ಬೆಟಾಲಿಯನ್ ಉತ್ತರ ತೀರದ ಹೋಸ್ಕಿನ್ಸ್ ಭೂಶಿರದಲ್ಲಿ ಇಳಿಯಿತು. ನವೆಂಬರ್ 4ರಂದು 14/32ನೆಯ ಬೆಟಾಲಿಯನ್ ದಕ್ಷಿಣ ತೀರದ ಜಾಕಿನೋ ಕೊಲ್ಲಿಯಲ್ಲಿ ಕಾಲಿಟ್ಟಿತು. ಎರಡೂ ಕಡೆ ಶತ್ರುವಿನ ಪ್ರತಿರೋಧ ಇರಲಿಲ್ಲ. ಬ್ರಿಗೇಡಿಯರ್ ರೇಮಂಡ್ ಸ್ಯಾಂಡೋವರ್ ನೇತೃತ್ವದ ಆರನೆಯ ಬ್ರಿಗೇಡಿಗೆ ಸೇರಿದ ಈ ಪಡೆಗಳ ಮೊದಲ ಕೆಲಸ ಗುಂಡಿನದಲ್ಲ, ಗುದ್ದಲಿಯದು. ಜಾಕಿನೋ ಕೊಲ್ಲಿಯಲ್ಲಿ ರಸ್ತೆ, ದಕ್ಕೆ, ಉಗ್ರಾಣಗಳು ಎದ್ದವು. ಕಾಲಕ್ರಮದಲ್ಲಿ ವಿಮಾನಪಥವೂ ಸಿದ್ಧವಾಗಿ ನ್ಯೂಜಿಲೆಂಡಿನ ಯುದ್ಧವಿಮಾನಗಳು ಅಲ್ಲಿಂದ ಹಾರತೊಡಗಿದವು. ಹಡಗು, ದೋಣಿಗಳ ಕೊರತೆ ಎಷ್ಟಿತ್ತೆಂದರೆ ಡಿವಿಷನ್ನಿನ ಪಡೆಗಳೆಲ್ಲ ದ್ವೀಪ ಸೇರಲು ತಿಂಗಳುಗಳೇ ಹಿಡಿದವು. ದ್ವೀಪಯುದ್ಧದಲ್ಲಿ ದೋಣಿಯೇ ದಾರಿ. ದೋಣಿಯಿಲ್ಲದ ಸೇನೆ ಎಷ್ಟು ಶೂರವಾದರೂ ದಡದಲ್ಲಿ ಕುಳಿತಿರಬೇಕಾಗುತ್ತದೆ.

ಡಿವಿಷನ್ನಿಗೆ ದೊರೆತ ಆದೇಶದ ತಾತ್ಪರ್ಯ ಸ್ಪಷ್ಟವಾಗಿತ್ತು: ಗಸ್ತು ಮತ್ತು ಸಣ್ಣ ದಾಳಿಗಳಿಂದ ಶತ್ರುವನ್ನು ಗಜೆಲ್ ಪರ್ಯಾಯದ್ವೀಪದೊಳಗೆ ಒತ್ತಬೇಕು, ಅಲ್ಲಿಂದ ಹೊರಬರದಂತೆ ತಡೆಯಬೇಕು, ದೊಡ್ಡ ಪ್ರಮಾಣದ ಕಾಳಗಕ್ಕೆ ತೊಡಗಬಾರದು. ಈ ಆದೇಶದ ಹಿಂದೆ ಒಂದು ಲೆಕ್ಕವಿತ್ತು, ಆ ಲೆಕ್ಕ ತಪ್ಪಾಗಿತ್ತು. ಮಿತ್ರಪಕ್ಷದ ಗೂಢಚರ್ಯೆಯ ಅಂದಾಜಿನಂತೆ ದ್ವೀಪದಲ್ಲಿದ್ದ ಜಪಾನಿ ಬಲ ಸುಮಾರು 38,000. ನಿಜದ ಸಂಖ್ಯೆ ಇದರ ಹೆಚ್ಚುಕಡಿಮೆ ಎರಡರಷ್ಟಿತ್ತೆಂಬುದು ತಿಳಿದದ್ದು ಶರಣಾಗತಿಯ ನಂತರ. ಅಂದಾಜು ತಪ್ಪಾದರೂ ನೀತಿ ಸರಿಯಾಗಿಯೇ ಉಳಿಯಿತೆಂಬುದು ಇಲ್ಲಿ ಗಮನಾರ್ಹ. ಮುನ್ನುಗ್ಗುವ ಸೇನೆಗೆ ಶತ್ರುವಿನ ಸಂಖ್ಯೆಯಲ್ಲಿ ಮೂವತ್ತು ಸಾವಿರದ ತಪ್ಪು ವಿನಾಶಕಾರಿಯಾಗಬಹುದಿತ್ತು. ಕಿರಿದಾದ ಕತ್ತಿನಲ್ಲಿ ತಡೆದು ನಿಂತ ಸೇನೆ ಅದೇ ತಪ್ಪನ್ನು ಅರಿಯದೆಯೇ ತಾಳಿಕೊಂಡಿತು.

ವೈತವಾಲೊ ಮತ್ತು ಟೋಲ್

1945ರ ಆರಂಭದಲ್ಲಿ ಎರಡೂ ತೀರಗಳಿಂದ ಪಡೆಗಳು ಪೂರ್ವಕ್ಕೆ ಸರಿದವು. ಉತ್ತರದಲ್ಲಿ ಓಪನ್ ಬೇ ಕಡೆಗಿನ ಮುನ್ನಡೆ ಬಹುಮಟ್ಟಿಗೆ ಗಸ್ತಿನ ರೂಪದ್ದಾಗಿತ್ತು. ಒಂದನೆಯ ನ್ಯೂ ಗಿನಿ ಪದಾತಿ ಬೆಟಾಲಿಯನ್ನಿನ ಸ್ಥಳೀಯ ಸೈನಿಕರೂ ಈ ದ್ವೀಪದ ಕಾರ್ಯಾಚರಣೆಯಲ್ಲಿ ಭಾಗವಹಿಸಿದ್ದರು. ನಿಜವಾದ ಕಾಳಗವೆಂದು ಕರೆಯಬಹುದಾದದ್ದು ನಡೆದದ್ದು ದಕ್ಷಿಣದಲ್ಲಿ, ವೈಡ್ ಬೇ ದಡದ ವೈತವಾಲೊ ಮತ್ತು ಟೋಲ್ ತೋಟಗಳ ಸುತ್ತ.

ಅಲ್ಲಿ ವುಲ್ವುಟ್ ನದಿಯನ್ನು ದಾಟಿದ ಮೇಲೆ ಕಡಿದಾದ ಬೆಟ್ಟಏಣುಗಳು. ಅವುಗಳ ಮೇಲೆ ಜಪಾನೀಯರು ಮಾರ್ಟರ್ ಮತ್ತು ಮಶೀನ್‌ಗನ್ ಹೂಡಿ ಕುಳಿತಿದ್ದರು. ಮಾರ್ಚ್ ಮೊದಲ ವಾರದಲ್ಲಿ 19ನೆಯ ಬೆಟಾಲಿಯನ್ ನದಿ ದಾಟಿತು. ಸುರಿವ ಮಳೆಯಲ್ಲಿ, ಕೆಸರಿನಲ್ಲಿ, ಒಂದೊಂದು ಏಣನ್ನೂ ಹತ್ತಿ ಇಳಿದು ಮುನ್ನಡೆಯಬೇಕಾಯಿತು. ಗಾಯಾಳುಗಳನ್ನು ಹೊತ್ತು ಉಕ್ಕುವ ಹೊಳೆಯನ್ನು ಮರಳಿ ದಾಟುವುದು ಗುಂಡಿನೆದುರು ನಿಲ್ಲುವಷ್ಟೇ ಕಠಿಣವಾಗಿತ್ತು. ‘ಬೇಕನ್ ಹಿಲ್’ ಎಂದು ಸೈನಿಕರು ಹೆಸರಿಟ್ಟ ಗುಡ್ಡ ಮಾರ್ಚ್ ಎರಡನೆಯ ಭಾಗದಲ್ಲಿ 14/32ನೆಯ ಬೆಟಾಲಿಯನ್ನಿನ ಕೈವಶವಾಗುವುದರೊಂದಿಗೆ ಈ ಕಾಳಗ ಮುಗಿಯಿತು. ಡಿವಿಷನ್ನಿನ ಒಟ್ಟು ಸಾವುನೋವಿನಲ್ಲಿ ದೊಡ್ಡ ಪಾಲು ಈ ಕೆಲವು ವಾರಗಳದ್ದು.

ಗೆದ್ದವರಿಗೆ ಟೋಲ್ ತೋಟದಲ್ಲಿ ಎದುರಾದದ್ದು ಮೂರು ವರ್ಷಗಳ ಹಿಂದಿನ ನೋಟ. 1942ರಲ್ಲಿ ಕೊಲ್ಲಲ್ಪಟ್ಟ ತಮ್ಮ ನಾಡಿನವರ ಅಸ್ಥಿಗಳು ಮರಗಳ ನಡುವೆ ಇನ್ನೂ ಉಳಿದಿದ್ದವು. ಹೆಸರಿಲ್ಲದ ಮೂಳೆಗಳನ್ನು ಆಯ್ದು ಸಂಸ್ಕಾರ ಮಾಡುವ ಕೆಲಸ ಸೈನಿಕರ ಪಾಲಿಗೆ ಬಂದಿತು. ಆ ಕೊಲೆಗಳಿಗೆ ಹೊಣೆಯೆಂದು ಗುರುತಿಸಲಾದ ಕರ್ನಲ್ ಕುಸುನೋಸೆ ಮಸಾವೊ ಯುದ್ಧಾನಂತರ ವಿಚಾರಣೆಗೆ ಸಿಗುವ ಮೊದಲೇ ಪ್ರಾಣ ಕಳೆದುಕೊಂಡನು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಹಗೆಯ ನೆನಪು ಕಣ್ಣೆದುರಿಗೇ ಬಿದ್ದಿದೆ. ಎದುರಾಳಿಯ ಮುಂಚೂಣಿ ಆಗತಾನೆ ಮುರಿದಿದೆ. ರಬೌಲ್ ಬೆಟ್ಟಗಳಾಚೆಗೇ ಇದೆ. ಯುದ್ಧಕಥೆಗಳ ರೂಢಿಯಂತೆ ಮುಂದಿನ ಅಧ್ಯಾಯ ರಬೌಲಿನ ಮುತ್ತಿಗೆಯಾಗಬೇಕಿತ್ತು. ಆದರೆ ಡಿವಿಷನ್ ಅಲ್ಲಿಯೇ ನಿಂತಿತು.

ಗೆರೆ

1945ರ ಏಪ್ರಿಲ್ ಹೊತ್ತಿಗೆ ವೈಡ್ ಬೇಯಿಂದ ಓಪನ್ ಬೇವರೆಗಿನ ಕತ್ತು ಆಸ್ಟ್ರೇಲಿಯನ್ನರ ಹತೋಟಿಯಲ್ಲಿತ್ತು. ಕೋಟೆಗೋಡೆಯಾಗಲಿ ಅಖಂಡವಾದ ಕಂದಕವಾಗಲಿ ಅಲ್ಲಿರಲಿಲ್ಲ; ಎರಡು ತುದಿಗಳಲ್ಲಿ ನೆಲೆಗಳು, ನಡುವಿನ ಕಾಡಿನಲ್ಲಿ ಎಡೆಬಿಡದ ಗಸ್ತು. ಅದೇ ತಿಂಗಳು ರಾಮ್ಸೇ ಅವರ ಸ್ಥಾನಕ್ಕೆ ಮೇಜರ್ ಜನರಲ್ ಹೊರೇಸ್ ರಾಬರ್ಟ್‌ಸನ್ ಬಂದರು. ಆರನೆಯ ಬ್ರಿಗೇಡಿನ ಜಾಗವನ್ನು 13ನೆಯ ಬ್ರಿಗೇಡ್ ತುಂಬಿತು. ನಾಯಕರು ಬದಲಾದರು, ಪಡೆಗಳು ಬದಲಾದವು, ಗೆರೆ ಬದಲಾಗಲಿಲ್ಲ.

ಗೆರೆಯಾಚೆ ಇಮಾಮುರಾ ಕೂಡ ಕಾಯುತ್ತಿದ್ದರು. ರಬೌಲಿನ ಮೇಲೆ ಮಹಾ ಆಕ್ರಮಣವೊಂದು ಬಂದೇ ಬರುತ್ತದೆಂದು ನಂಬಿ, ಅವರು ತಮ್ಮ ಬಲದ ಬಹುಭಾಗವನ್ನು ಪಟ್ಟಣದ ಸುತ್ತ ಸೇರಿಸಿಕೊಂಡಿದ್ದರು. ಜ್ವಾಲಾಮುಖಿಯ ಮೆತುಕಲ್ಲಿನಲ್ಲಿ ಸುರಂಗಗಳನ್ನು ಕೊರೆದು ಆಸ್ಪತ್ರೆ, ಉಗ್ರಾಣ, ಕಚೇರಿಗಳನ್ನು ನೆಲದೊಳಕ್ಕೆ ಇಳಿಸಿದ್ದರು. ಹೊರಗಿನಿಂದ ಆಹಾರ ಬರುವ ದಾರಿ ಮುಚ್ಚಿದ್ದರಿಂದ ಸೈನಿಕರೇ ತೋಟ ಮಾಡಿ ಬೆಳೆ ತೆಗೆಯುವ ವ್ಯವಸ್ಥೆ ಮಾಡಿದ್ದರು. ರನ್ನನ ಕಾವ್ಯ ಓದಿದ ಕನ್ನಡಿಗರಿಗೆ ಇಲ್ಲಿ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ನೆನಪಾದರೆ ಸಹಜ. ವ್ಯತ್ಯಾಸವೆಂದರೆ, ಇಲ್ಲಿ ದಡದಲ್ಲಿದ್ದವರು ಗರ್ಜಿಸಲಿಲ್ಲ, ಕೊಳದಲ್ಲಿದ್ದವನು ಮೇಲೇಳಲಿಲ್ಲ. ಭೀಮನ ಗರ್ಜನೆಯಿಲ್ಲದೆ ಗದಾಯುದ್ಧವೂ ಇಲ್ಲ, ಮುರಿದ ತೊಡೆಯೂ ಇಲ್ಲ.

ಈ ಸಂಯಮವನ್ನು ಕೇವಲ ದಯೆಯೆಂದು ಬಣ್ಣಿಸುವುದು ಇತಿಹಾಸಕ್ಕೆ ಮಾಡುವ ಅಪಚಾರ. ಡಿವಿಷನ್ ನಿಂತದ್ದು ಮುಖ್ಯವಾಗಿ ಮುಂದೆ ಹೋಗುವ ಬಲವಿಲ್ಲದ್ದರಿಂದ; ಹಡಗುಗಳಿಲ್ಲದ್ದರಿಂದ; ಎದುರಾಳಿ ಬಹುದೊಡ್ಡವನಾಗಿದ್ದರಿಂದ. ಅದೇ ಬ್ಲೇಮಿ ಅವರ ಅಧೀನದಲ್ಲಿ, ಅದೇ ತಿಂಗಳುಗಳಲ್ಲಿ, ಬೂಗನ್‌ವಿಲ್ ದ್ವೀಪದಲ್ಲಿ ಮೂರನೆಯ ಡಿವಿಷನ್ ಮತ್ತು ಜೊತೆಯ ಬ್ರಿಗೇಡುಗಳು ಶತ್ರುವನ್ನು ನಿರ್ಮೂಲಗೊಳಿಸುವ ಉದ್ದೇಶದಿಂದ ಮುನ್ನುಗ್ಗುತ್ತಿದ್ದವು. ಅಲ್ಲಿ 516 ಆಸ್ಟ್ರೇಲಿಯನ್ನರ ಜೊತೆಗೆ, ಕಾಳಗ ಮತ್ತು ರೋಗಗಳಿಂದ, ಹದಿನೆಂಟು ಸಾವಿರಕ್ಕೂ ಹೆಚ್ಚು ಜಪಾನೀಯರು ಸತ್ತರು. ಹೊರಸಂಪರ್ಕ ಕಡಿದುಹೋದ ಸೇನೆಗಳ ಮೇಲೆ ಯುದ್ಧ ನಡೆಸುವುದು ಅಗತ್ಯವೇ ಎಂಬ ಪ್ರಶ್ನೆ 1945ರಲ್ಲೇ ಆಸ್ಟ್ರೇಲಿಯದ ಪಾರ್ಲಿಮೆಂಟಿನಲ್ಲಿ, ಪತ್ರಿಕೆಗಳಲ್ಲಿ ಎದ್ದಿತ್ತು. ಆ ವರ್ಷದ ಮೇ ತಿಂಗಳಲ್ಲಿ ಬ್ಲೇಮಿ ತಮ್ಮ ಸರ್ಕಾರಕ್ಕೆ ಸಮಜಾಯಿಷಿ ಬರೆಯಬೇಕಾಯಿತು. ಸುಮ್ಮನೆ ಕಾಯುವುದರಿಂದ ಸೈನಿಕರ ಮನೋಬಲ ಕುಗ್ಗುತ್ತದೆ, ಶತ್ರುವಿನ ಕೈಯಲ್ಲಿರುವ ಸ್ಥಳೀಯ ಜನರನ್ನು ಬಿಡಿಸುವುದು ಕರ್ತವ್ಯ ಎಂಬುದು ಅವರ ವಾದ. ನಾಲ್ಕು ದಶಕಗಳ ಬಳಿಕ, 1983ರಲ್ಲಿ, ಪೀಟರ್ ಚಾರ್ಲ್ಟನ್ ಈ ದ್ವೀಪಯುದ್ಧಗಳನ್ನು ಕುರಿತು ಬರೆದ ಗ್ರಂಥಕ್ಕೆ ‘ಅನಗತ್ಯ ಯುದ್ಧ’ ಎಂಬ ಅರ್ಥದ ಶೀರ್ಷಿಕೆಯನ್ನೇ ಇಟ್ಟರು. ಗ್ಯಾವಿನ್ ಲಾಂಗ್ ಬರೆದ, 1963ರಲ್ಲಿ ಪ್ರಕಟವಾದ ಅಧಿಕೃತ ಇತಿಹಾಸದ ಕೊನೆಯ ಸಂಪುಟವೂ ಈ ವಿವಾದವನ್ನು ಬದಿಗೆ ಸರಿಸಿಲ್ಲ.

ಈ ವಿವಾದದಲ್ಲಿ ನ್ಯೂ ಬ್ರಿಟನ್ ಸಾಮಾನ್ಯವಾಗಿ ಮೆಚ್ಚುಗೆಯ ಉದಾಹರಣೆಯಾಗಿ ಬರುತ್ತದೆ. ಯುದ್ಧದ ಫಲಿತಾಂಶವನ್ನು ಬದಲಿಸದ ಕಾಳಗದಲ್ಲಿ ಪ್ರಾಣಗಳನ್ನು ಚೆಲ್ಲಲಿಲ್ಲವೆಂಬುದು ಅದರ ಹೆಗ್ಗಳಿಕೆ. ಅದು ನಿಜ. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಗೆರೆಯ ಆಚೆ ಜಪಾನೀಯರಷ್ಟೇ ಇರಲಿಲ್ಲ.

ಗೆರೆಯ ಆಚೆಗಿನವರು

1942ರ ಫೆಬ್ರವರಿಯಲ್ಲಿ ಸಿಂಗಾಪುರ ಪತನವಾದಾಗ ಬ್ರಿಟಿಷ್ ಭಾರತದ ಸೈನ್ಯದ ಹತ್ತಾರು ಸಾವಿರ ಸೈನಿಕರು ಜಪಾನಿನ ಸೆರೆಯಾದರು. ಅವರಲ್ಲಿ ಅನೇಕರು ಭಾರತ ರಾಷ್ಟ್ರೀಯ ಸೇನೆಯನ್ನು ಸೇರಿದರು. ಸೇರದೆ ಉಳಿದ ಸಾವಿರಾರು ಮಂದಿಯನ್ನು ಕೂಲಿದಳಗಳಾಗಿ ವಿಂಗಡಿಸಿ, ಹಡಗುಗಳಲ್ಲಿ ತುಂಬಿ, ನ್ಯೂ ಗಿನಿ ಮತ್ತು ನ್ಯೂ ಬ್ರಿಟನ್ ದ್ವೀಪಗಳಿಗೆ ಸಾಗಿಸಲಾಯಿತು. ರಬೌಲಿನಲ್ಲಿ ಅವರು ಹಡಗಿನ ಸರಕು ಇಳಿಸಿದರು, ರಸ್ತೆ ಕಡಿದರು, ಹೊರೆ ಹೊತ್ತರು. ಹಸಿವು, ಮಲೇರಿಯಾ, ಹೊಡೆತ ಅವರ ದಿನಚರಿಯ ಭಾಗವಾಗಿದ್ದವು. ಸೆರೆಯಾಳುಗಳಿಗೆ ಅಂತಾರಾಷ್ಟ್ರೀಯ ನಿಯಮದಂತೆ ಸಲ್ಲಬೇಕಾದ ರಕ್ಷಣೆ ಅವರಿಗೆ ಸಿಗಲಿಲ್ಲ. ಅವರು ಸೆರೆಯಾಳುಗಳೇ ಅಲ್ಲ, ಒಪ್ಪಿ ಬಂದ ಕೆಲಸಗಾರರು ಎಂಬ ವಾದವನ್ನು ಯುದ್ಧಾನಂತರದ ವಿಚಾರಣೆಗಳಲ್ಲೂ ಜಪಾನಿ ಪ್ರತಿವಾದಿಗಳು ಮುಂದಿಟ್ಟರು.

ಭಾರತೀಯರ ಜೊತೆಗೆ ಚೀನಾದ ಸೆರೆಯಾಳುಗಳಿದ್ದರು. 1937ರಲ್ಲಿ ಶಾಂಘೈನ ಸಿಹಾಂಗ್ ಉಗ್ರಾಣವನ್ನು ರಕ್ಷಿಸಿ ಚೀನಾದಲ್ಲಿ ಮನೆಮಾತಾದ ಪಡೆಯ ಕೆಲವರೂ ಅವರಲ್ಲಿದ್ದರು. ಮಲಯ, ಇಂಡೊನೇಷ್ಯಾಗಳಿಂದ ತಂದ ಕೂಲಿಗಳಿದ್ದರು. ರಮಾಲೆ ಕಣಿವೆಯ ಶಿಬಿರದಲ್ಲಿ ಬಂಧಿತರಾದ ಪಾದ್ರಿಗಳು, ಸನ್ಯಾಸಿನಿಯರಿದ್ದರು. ಇವರೆಲ್ಲರಿಗಿಂತ ಹೆಚ್ಚಾಗಿ, ಆ ನೆಲದ ಮಕ್ಕಳಾದ ತೋಲೈ ಮತ್ತು ಬೈನಿಂಗ್ ಜನರಿದ್ದರು. ಧಾರ್ಮಿಕ ಕಾರ್ಯಗಳನ್ನು ನಿಷೇಧಿಸಿದ ಜಪಾನಿ ಅಧಿಕಾರಿಗಳ ಮಾತು ಮೀರಿ ತನ್ನ ಹಳ್ಳಿಗರಿಗೆ ಬೋಧನೆ ಮುಂದುವರಿಸಿದ ತೋಲೈ ಉಪದೇಶಕ ಪೀಟರ್ ತೋ ರೋಟ್ ಬಂಧನದಲ್ಲಿರುವಾಗಲೇ ಕೊಲೆಯಾದದ್ದು 1945ರ ಜುಲೈನಲ್ಲಿ. ಎಂದರೆ, ಆಸ್ಟ್ರೇಲಿಯದ ಗೆರೆ ಕತ್ತಿನ ಮೇಲೆ ನೆಲೆಗೊಂಡು ಮೂರು ತಿಂಗಳಾದ ಮೇಲೆ, ಯುದ್ಧ ಮುಗಿಯಲು ಕೆಲವು ವಾರಗಳು ಉಳಿದಿದ್ದಾಗ. 1995ರಲ್ಲಿ ಕ್ಯಾಥೊಲಿಕ್ ಚರ್ಚ್ ಆತನನ್ನು ಪುಣ್ಯಾತ್ಮನೆಂದೂ 2025ರಲ್ಲಿ ಸಂತನೆಂದೂ ಘೋಷಿಸಿತು.

ಗೆರೆಯೊಳಗೆ ಸಿಲುಕಿದ ಭಾರತೀಯರಲ್ಲಿ ಒಬ್ಬರು ಮಂಗಳೂರು ಸೀಮೆಯವರಾದ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ. ಸಿಂಗಾಪುರದಲ್ಲಿ ಸೆರೆಸಿಕ್ಕು, ರಬೌಲಿಗೆ ಸಾಗಿಸಲ್ಪಟ್ಟು, ಬದುಕಿ ಮರಳಿದ ಅವರು ಯುದ್ಧ ಮುಗಿದ ಕೆಲಕಾಲದಲ್ಲೇ ತಮ್ಮ ಅನುಭವಗಳನ್ನು ಇಂಗ್ಲಿಷಿನಲ್ಲಿ ಬರೆದಿಟ್ಟರು. ಆ ಬರಹ ಸುಮಾರು ಅರ್ಧ ಶತಮಾನ ಅಚ್ಚಾಗದೆ ಉಳಿಯಿತು. ಅವರ ಮಗ, ಲೇಖಕ ರಿಚರ್ಡ್ ಕ್ರಾಸ್ತಾ, ಅದನ್ನು 1990ರ ದಶಕದ ಕೊನೆಯಲ್ಲಿ ‘ಈಟನ್ ಬೈ ದ ಜಪಾನೀಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಜ್ಞಾತ ಭಾರತೀಯ ಯುದ್ಧಕೈದಿಯೊಬ್ಬನ ನೆನಪುಗಳು ಎಂಬರ್ಥದ ಉಪಶೀರ್ಷಿಕೆ ಅದಕ್ಕಿದೆ. ‘ಅಜ್ಞಾತ’ ಎಂಬ ಆ ಒಂದು ವಿಶೇಷಣ ಇಡೀ ವಿಷಯದ ಸಾರವನ್ನು ಹಿಡಿದಿಟ್ಟಿದೆ. ಆಸ್ಟ್ರೇಲಿಯದ ಇತಿಹಾಸದಲ್ಲಿ ಈ ಭಾರತೀಯರು ಕೊನೆಯ ಪುಟಗಳಲ್ಲಿ ಬಿಡುಗಡೆಯಾದವರ ಒಂದು ಸಂಖ್ಯೆ. ಸ್ವತಂತ್ರ ಭಾರತದ ಇತಿಹಾಸದಲ್ಲಿ ಅವರಿಗೆ ಆ ಸಂಖ್ಯೆಯ ಸ್ಥಾನವೂ ಇಲ್ಲ; ಅತ್ತ ಭಾರತ ರಾಷ್ಟ್ರೀಯ ಸೇನೆಯ ಕಥೆಗೆ ಸೇರದೆ, ಇತ್ತ ಬ್ರಿಟಿಷರ ವಿಜಯಗಾಥೆಯಲ್ಲೂ ನಿಲ್ಲದೆ, ಎರಡು ಇತಿಹಾಸಗಳ ನಡುವಿನ ಕಾಡಿನಲ್ಲಿ ಅವರು ಕಳೆದುಹೋದರು.

ಶರಣಾಗತಿ

1945ರ ಸೆಪ್ಟೆಂಬರ್ 6ರಂದು ರಬೌಲಿನ ಸಮೀಪದ ಸಮುದ್ರದಲ್ಲಿ, ಬ್ರಿಟಿಷ್ ವಿಮಾನವಾಹಕ ನೌಕೆ ‘ಗ್ಲೋರಿ’ಯ ಮೇಲೆ, ಇಮಾಮುರಾ ಆಸ್ಟ್ರೇಲಿಯದ ಒಂದನೆಯ ಸೇನೆಯ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ವರ್ನನ್ ಸ್ಟರ್ಡಿ ಅವರಿಗೆ ಶರಣಾದರು. ನಾಲ್ಕು ದಿನಗಳ ಬಳಿಕ ಮೇಜರ್ ಜನರಲ್ ಕೆನೆತ್ ಈದರ್ ನೇತೃತ್ವದ ಪಡೆಗಳು ಪಟ್ಟಣವನ್ನು ಪ್ರವೇಶಿಸಿದವು. ಬಿಡುಗಡೆಯಾದ ಸೆರೆಯಾಳುಗಳು ಮತ್ತು ಬಂಧಿತರು ಎಂಟು ಸಾವಿರದಷ್ಟಿದ್ದರು. ಅವರಲ್ಲಿ ಅತಿ ದೊಡ್ಡ ಗುಂಪು ಭಾರತೀಯರದು, 5,500ಕ್ಕೂ ಹೆಚ್ಚು. ಇಡೀ ಯುದ್ಧಕಾಲದಲ್ಲಿ ಐದನೆಯ ಡಿವಿಷನ್ ಯಾರ ಬಾಗಿಲನ್ನು ಕಾದು ನಿಂತಿತ್ತೋ ಆ ಮನೆಯೊಳಗೆ ಇಷ್ಟು ಭಾರತೀಯರಿದ್ದರು.

ಆಸ್ಟ್ರೇಲಿಯ ನಡೆಸಿದ ಯುದ್ಧಾಪರಾಧ ವಿಚಾರಣೆಗಳಲ್ಲಿ ಹೆಚ್ಚಿನವು ರಬೌಲಿನಲ್ಲೇ ನಡೆದವು. ಭಾರತೀಯರ, ಚೀನೀಯರ ಮೇಲಾದ ಹಿಂಸೆ ಅವುಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಯಿತು. ತನ್ನ ಸೈನಿಕರನ್ನು ಅಂಕೆಯಲ್ಲಿಡದ ಹೊಣೆಗಾಗಿ 1947ರಲ್ಲಿ ಇಮಾಮುರಾ ಅವರಿಗೆ ಹತ್ತು ವರ್ಷಗಳ ಶಿಕ್ಷೆಯಾಯಿತು. 1954ರಲ್ಲಿ ಬಿಡುಗಡೆ ಹೊಂದಿದ ಮೇಲೆ ಅವರು ತಮ್ಮ ಮನೆಯ ಅಂಗಳದಲ್ಲಿ ಸಣ್ಣ ಗುಡಿಸಲೊಂದನ್ನು ಕಟ್ಟಿಸಿಕೊಂಡು, ತಮಗೆ ತಾವೇ ವಿಧಿಸಿಕೊಂಡ ಸೆರೆವಾಸವೆಂಬಂತೆ ಅದರಲ್ಲಿ ಬದುಕಿದರು, 1968ರಲ್ಲಿ ತೀರಿಕೊಂಡರು.

ಲೆಕ್ಕವನ್ನು ಓದುವ ಬಗೆ

ಮೊದಲಿಗೆ ಎತ್ತಿದ ಎರಡು ಪ್ರಶ್ನೆಗಳಿಗೆ ಈಗ ಮರಳಬಹುದು. ಐದನೆಯ ಡಿವಿಷನ್ನಿನ ಹಾನಿ ಕಡಿಮೆಯಾದದ್ದು ಅದು ಸರಿಯಾದ ಸ್ಥಳದಲ್ಲಿ, ಸರಿಯಾದ ಸಮಯದಲ್ಲಿ ನಿಂತದ್ದರಿಂದ. ನಮ್ಮ ವೀರಗಲ್ಲುಗಳು ಕಾದಿ ಮಡಿದವರನ್ನು ನೆನೆಯುತ್ತವೆ. ಕಾದದೆ ನಿಂತು ಬದುಕಿ ಊರಿಗೆ ಮರಳಿದವರಿಗೆ ಯಾವ ನಾಡಿನಲ್ಲೂ ಕಲ್ಲು ನೆಡುವ ವಾಡಿಕೆಯಿಲ್ಲ. ಈ ಡಿವಿಷನ್ನಿನ ಹೆಸರು ಮಸುಕಾದದ್ದಕ್ಕೆ ಅದೂ ಒಂದು ಕಾರಣವಿರಬೇಕು. ರಬೌಲನ್ನು ಮುತ್ತಿದ್ದರೆ ಎರಡೂ ಕಡೆ ಸಾಯುತ್ತಿದ್ದವರ ಸಂಖ್ಯೆ ಸಾವಿರಗಳಲ್ಲಿ ಇರುತ್ತಿತ್ತೆಂಬುದನ್ನು ಬೂಗನ್‌ವಿಲ್ ನೋಡಿದವರಾರೂ ಅಲ್ಲಗಳೆಯಲಾರರು.

ಎರಡನೆಯ ಪ್ರಶ್ನೆಗೆ ಇಷ್ಟು ನೇರವಾದ ಉತ್ತರವಿಲ್ಲ. ನಿಂತ ಗೆರೆ ಆಸ್ಟ್ರೇಲಿಯದ ಸೈನಿಕನನ್ನು ಉಳಿಸಿತು, ಜಪಾನಿ ಸೈನಿಕನನ್ನೂ ಉಳಿಸಿತು. ಗೆರೆಯಾಚೆಗಿನ ಸೆರೆಯಾಳಿಗೆ ಮಾತ್ರ ಅದು ಇನ್ನಷ್ಟು ತಿಂಗಳ ಹಸಿವನ್ನು ಅರ್ಥೈಸಿತು, ಕೆಲವರಿಗೆ ಸಾವನ್ನು. ಹಾಗೆಂದು ಮುತ್ತಿಗೆ ಹಾಕಿದ್ದರೆ ಅವರು ಬದುಕುತ್ತಿದ್ದರೆ? ಮುತ್ತಿಗೆಗೊಳಗಾದ ನಗರದಲ್ಲಿ ಮೊದಲು ಸಾಯುವವರು ಬಂಧಿತರೇ. ಇಲ್ಲಿ ನಿರ್ಧಾರ ಮಾಡಿದವರನ್ನು ದೂಷಿಸುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ‘ಹಾನಿ 74’ ಎಂದು ಬರೆದು ಗೆರೆ ಎಳೆದುಬಿಡುವುದೂ ನ್ಯಾಯವಲ್ಲ. ಯಾವ ಸೇನೆಯ ಸಂಯಮವೂ ಅದರ ಸ್ವಂತ ಸತ್ತವರ ಪಟ್ಟಿಯಿಂದ ಮಾತ್ರ ಅಳೆಯುವಂಥದ್ದಲ್ಲ. ಅದು ಯಾರನ್ನು ಉಳಿಸಿತು, ಯಾರನ್ನು ಕಾಯಿಸಿತು ಎಂಬೆರಡೂ ಒಂದೇ ಪುಟದಲ್ಲಿ ದಾಖಲಾಗಬೇಕು.

ಇಂದು ರಬೌಲಿನ ಹಳೆಯ ಪಟ್ಟಣದ ಬಹುಭಾಗ 1994ರ ಜ್ವಾಲಾಮುಖಿ ಸ್ಫೋಟದ ಬೂದಿಯಡಿ ಹೂತುಹೋಗಿದೆ. ಸಮೀಪದ ಬೀಟಾ ಪಾಕಾದಲ್ಲಿರುವ ಯುದ್ಧ ಸ್ಮಶಾನ ಮಾತ್ರ ಹಸಿರಾಗಿ ಉಳಿದಿದೆ. ಅಲ್ಲಿ ಆಸ್ಟ್ರೇಲಿಯನ್ನರ ಸಾಲುಗಳ ನಡುವೆ ಭಾರತೀಯ ಸೈನಿಕರ ಗುರುತುಕಲ್ಲುಗಳೂ ಇವೆ; ಹೆಸರು ತಿಳಿಯದವರ ಕಲ್ಲುಗಳೂ ಹಲವು. ಈ ಯುದ್ಧವನ್ನು ಅಧ್ಯಯನ ಮಾಡಬಯಸುವ ವಿದ್ಯಾರ್ಥಿಗಳು ಗ್ಯಾವಿನ್ ಲಾಂಗ್ ಅವರ ಬೃಹತ್ ಸಂಪುಟದ ಪಕ್ಕದಲ್ಲಿ ಕ್ರಾಸ್ತಾ ಅವರ ಚಿಕ್ಕ ಪುಸ್ತಕವನ್ನೂ ಇಟ್ಟುಕೊಂಡು ಓದಬೇಕು. ಒಂದು ಗೆರೆಯ ಈಚೆಯಿಂದ ಬರೆದದ್ದು, ಇನ್ನೊಂದು ಆಚೆಯಿಂದ. ಎರಡನ್ನೂ ಓದಿದವರಿಗೆ ಮಾತ್ರ ಆ ಗೆರೆ ಕಂಡೀತು.